10025 ಅಂತ ಬರೆಯುವ ಮಗು ದಡ್ಡ ಅಲ್ಲ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನ ಅಕ್ಕ ಒಬ್ಬರು ಗುಂಪಿನಲ್ಲಿ ಕೇಳಿದ್ದಕ್ಕೆ ಇದು ಉತ್ತರ. ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡ್ಕೋಬೇಡಿ. ಅವರ ಮಗ ಎರಡನೇ ಕ್ಲಾಸು. ‘ನೂರಾ ಇಪ್ಪತ್ತೈದು ಬರಿ’ ಅಂದರೆ 10025 ಅಂತ ಬರೆಯುತ್ತಾನಂತೆ. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನಾ, ಅಬಾಕಸ್ ಕ್ಲಾಸಿಗೆ ಸೇರಿಸಬೇಕಾ ಅನ್ನೋದು ಅವರ ಚಿಂತೆ. ಅವರ ಪ್ರಶ್ನೆಯ ಕೆಳಗೆ ಆಗಲೇ ಸುಮಾರು ಆ್ಯಪ್‌ಗಳ ಹೆಸರು ಬಂದಿವೆ. ನಾನು ಮದುವೆಯಾಗಿ ಜರ್ಮನಿಗೆ ಹೋಗುವ ಮುಂಚೆ ಮಂಡ್ಯದಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಮಾಡುತ್ತಿದ್ದವಳು. ಈಗ ರಜೆಗೆ ಮಕ್ಕಳ ಜೊತೆ ಮೈಸೂರಿನ ಅತ್ತೆ ಮನೆಯಲ್ಲಿದ್ದೇನೆ. ಹಾಗಾಗಿ ಬರೆಯೋಕೆ ಪುರುಸೊತ್ತೂ ಇದೆ, ಮುಂದೆ ಪ್ರಯೋಗಕ್ಕೆ ಮಕ್ಕಳೂ ಇದ್ದಾರೆ.

ಮೊದಲನೆಯದಾಗಿ, ಆ ಹುಡುಗ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾನೆ. ನೂರು ಅಂದಿರಿ, 100 ಬರೆದ. ಇಪ್ಪತ್ತೈದು ಅಂದಿರಿ, ಪಕ್ಕದಲ್ಲಿ 25 ಬರೆದ. ಅಕ್ಷರ ಕಲಿಸುವಾಗ ನಾವೇ ಅಲ್ವಾ ಹೇಳಿಕೊಟ್ಟಿದ್ದು, ಕಿವಿಗೆ ಬಿದ್ದದ್ದನ್ನೆಲ್ಲ ಬರೆಯಬೇಕು ಅಂತ? ಅಂಕಿಗಳಲ್ಲಿ ಮಾತ್ರ ಆ ನಿಯಮ ನಡೆಯುವುದಿಲ್ಲ. ಬಾಯಲ್ಲಿ ‘ನೂರು’ ಅಂತ ಹೇಳುತ್ತೇವೆ, ಕಾಗದದ ಮೇಲೆ ಅದು ಬರೀ 1. ಅದು ನೂರು ಅಂತ ಗೊತ್ತಾಗುವುದು ಬಲಗಡೆಯಿಂದ ಮೂರನೇ ಜಾಗದಲ್ಲಿ ಕೂತಿದೆ ಅನ್ನುವುದರಿಂದ ಅಷ್ಟೇ. ಇದನ್ನು ಯಾರೂ ಹೇಳಿಕೊಡದೆ ಮಗು ತಾನಾಗೇ ಕಂಡುಕೊಳ್ಳುತ್ತದೆ ಅಂದುಕೊಳ್ಳುವುದು ಜಾಸ್ತಿ ಆಯಿತು.

ಇದಕ್ಕೆ ಸುಲಭದ ಮದ್ದು ಕಾರ್ಡು. ಅತ್ತೆ ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳ ರಾಶಿಯೇ ಇದೆ, ಅದರ ಖಾಲಿ ಬದಿ ಸಾಕು. ಬಿಡಿಗೆ ಒಂದು ಅಂಕಿಯಷ್ಟು ಅಗಲದ ಕಾರ್ಡು, 1ರಿಂದ 9. ಹತ್ತಕ್ಕೆ ಅದರ ಎರಡರಷ್ಟು ಅಗಲ: 10, 20, 30 ಹೀಗೆ 90ರವರೆಗೆ. ನೂರಕ್ಕೆ ಮೂರರಷ್ಟು: 100, 200, 300. ಈಗ 100ರ ಕಾರ್ಡಿನ ಮೇಲೆ 20ರ ಕಾರ್ಡನ್ನು ಬಲ ಅಂಚಿಗೆ ಸರಿಯಾಗಿ ಕೂರಿಸಿ. ನೂರರ ಎರಡು ಸೊನ್ನೆ ಮುಚ್ಚಿಹೋಗುತ್ತವೆ. ಅದರ ಮೇಲೆ 5ರ ಕಾರ್ಡು ಇಡಿ. ಇಪ್ಪತ್ತರ ಸೊನ್ನೆಯೂ ಅಡಗಿತು. ಕಾಣುವುದು 125. ಮಗು ಕಾರ್ಡನ್ನು ಎತ್ತಿ ನೋಡುತ್ತದೆ, ಕೆಳಗೆ 100 ಹಾಗೇ ಇದೆ. ಮತ್ತೆ ಮುಚ್ಚುತ್ತದೆ, ಮತ್ತೆ ಎತ್ತುತ್ತದೆ. ನೀವು ಬಾಯಿ ಬಿಡಬೇಕಾಗಿಲ್ಲ. ಆಮೇಲೆ 105 ಮಾಡು ಅನ್ನಿ. ಹತ್ತರ ಕಾರ್ಡೇ ಬೇಡ, ಹಾಗಾಗಿ ನಡುವಿನ ಸೊನ್ನೆ ಮುಚ್ಚದೆ ಹಾಗೇ ಉಳಿಯಿತು. ‘ಸೊನ್ನೆ ಅಂದ್ರೆ ಏನೂ ಇಲ್ಲ, ಮತ್ಯಾಕೆ ಬರೀಬೇಕು?’ ಅಂತ ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ಆದರೆ ಸರಿಯಾಗಿ ಬರೆಯೋಕೆ ಬಂತು ಅಂದಮಾತ್ರಕ್ಕೆ ಅರ್ಥ ಆಗಿದೆ ಅಂತಲ್ಲ. ನಮ್ಮ ಓರಗಿತ್ತಿಯ ಮಗಳು ಇಲ್ಲೇ ಯುಕೆಜಿ ಓದುತ್ತಾಳೆ. ಒಂದರಿಂದ ನೂರು ಮುತ್ತಿನ ಹಾಗೆ ಬರೆಯುತ್ತಾಳೆ. ಹೇಗೆ ಬರೆಯುತ್ತಾಳೆ ಅಂತ ಪಕ್ಕದಲ್ಲಿ ಕೂತು ನೋಡಿದೆ. ಅರವತ್ತರ ಸಾಲಿಗೆ ಬಂದಾಗ ಮೊದಲು 6, 6, 6 ಅಂತ ಕೆಳಗಿನವರೆಗೂ ಇಳಿಸಿಬಿಡುತ್ತಾಳೆ. ಆಮೇಲೆ ಮೇಲಿಂದ ಬಲಗಡೆ 0, 1, 2, 3 ತುಂಬುತ್ತಾಳೆ. ಹೋಂವರ್ಕ್ ಬೇಗ ಮುಗಿಯಿತು, ಆಟಕ್ಕೆ ಓಡಿದಳು. ಜಾಣತನವೇ, ಇಲ್ಲ ಅನ್ನುವುದಿಲ್ಲ. ಆದರೆ ಆ 6 ಅರವತ್ತು ಅಂತ ಅವಳಿಗೆ ಹೇಳಿದವರು ಯಾರು? ಜರ್ಮನಿಯಲ್ಲಿ ಒಂದನೇ ಕ್ಲಾಸಿಗೆ ಇಪ್ಪತ್ತರವರೆಗೆ ಮಾತ್ರ, ಎರಡನೇ ಕ್ಲಾಸಿಗೆ ನೂರು, ಮೂರಕ್ಕೆ ಸಾವಿರ, ನಾಲ್ಕಕ್ಕೆ ಹತ್ತು ಲಕ್ಷ. ‘ಅಷ್ಟು ದೂರ ಹೋಗಿ ಇಷ್ಟೇನಾ ಓದೋದು?’ ಅಂತ ಅತ್ತೆಗೆ ಸಂಕಟ. ನನಗೆ ಇದರಲ್ಲಿ ಸಂಕಟ ಇಲ್ಲ.

ನಿಮ್ಮ ಮಗು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಹದಿನಾರು ಹುಣಸೆಬೀಜ ಮುಂದಿಡಿ. ಎಣಿಸಿ 16 ಅಂತ ಬರೆಯಲಿ. ಬರೆದ 6ರ ಮೇಲೆ ಬೆರಳಿಟ್ಟು ‘ಇದಕ್ಕೆ ಯಾವ ಬೀಜ?’ ಅಂತ ಕೇಳಿ. ಆರು ಬೀಜ ಪಕ್ಕಕ್ಕೆ ಸರಿಸುತ್ತದೆ. ಈಗ 1ರ ಮೇಲೆ ಬೆರಳಿಡಿ. ಬಹಳ ಮಕ್ಕಳು ಒಂದೇ ಒಂದು ಬೀಜ ತೋರಿಸುತ್ತವೆ. ‘ಹಂಗಾದ್ರೆ ಮಿಕ್ಕ ಒಂಬತ್ತು ಯಾರದು?’ ಅಂದರೆ ಪಿಳಿಪಿಳಿ ನೋಡುತ್ತವೆ. ಈ ಪರೀಕ್ಷೆ ನನ್ನದಲ್ಲ. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಹತ್ತಿರ ಕಲಿತಿದ್ದ ಕಾನ್‌ಸ್ಟನ್ಸ್ ಕಮೀ ಅನ್ನುವವರು 1980ರ ದಶಕದಲ್ಲಿ ಅಮೆರಿಕದ ಮಕ್ಕಳ ಮುಂದೆ ಬಿಲ್ಲೆಗಳನ್ನಿಟ್ಟು ಹೀಗೇ ಕೇಳಿದ್ದರು. ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಲ್ಲೂ ಎಷ್ಟೋ ಜನ ಒಂದೇ ಬಿಲ್ಲೆ ತೋರಿಸಿದ್ದರು. ‘1 ಹತ್ತರ ಸ್ಥಾನದಲ್ಲಿದೆ’ ಅಂತ ವರ್ಕ್‌ಶೀಟಿನಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡ ಮಗು ಕೂಡ ಇಲ್ಲಿ ಒಂದೇ ಬೀಜ ಎತ್ತಬಹುದು. ಸ್ಥಾನಬೆಲೆ (ಕೂತ ಜಾಗದಿಂದ ಬರುವ ಬೆಲೆ), ಮುಖಬೆಲೆ (ಅಂಕಿಯದ್ದೇ ಬೆಲೆ) ಅಂತ ಬಾಯಿಪಾಠ ಮಾಡಿಸುವುದನ್ನು ನಾನು ಇಷ್ಟಪಡದೇ ಇರುವುದು ಇದಕ್ಕೇ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಕಟ್ಟು ಕಟ್ಟುವುದರಿಂದ. ಹೊಸ ಕಡ್ಡಿ ಪೊರಕೆ ಒಂದು ತಂದು ಗೇಣುದ್ದ ಕತ್ತರಿಸಿಕೊಳ್ಳಿ, ಒಂದಷ್ಟು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಪೊರಕೆ ಸಿಗದ ಊರಲ್ಲಿ ಐಸ್‌ಕ್ರೀಮ್ ಕಡ್ಡಿ ಆಗುತ್ತದೆ. ಒಂದು ಹಾಳೆ ಮೇಲೆ ನಡುವೆ ಗೆರೆ ಎಳೆದು ಬಲಗಡೆ ‘ಬಿಡಿ’, ಎಡಗಡೆ ‘ಹತ್ತು’ ಅಂತ ಬರೆಯಿರಿ. ದಾಳ ಹಾಕಿ ಬಿದ್ದಷ್ಟು ಕಡ್ಡಿ ತೆಗೆದುಕೊಳ್ಳುವುದು. ನಿಯಮ ಒಂದೇ: ಬಲಗಡೆ ಒಂಬತ್ತಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಹತ್ತಾದ ಕೂಡಲೇ ರಬ್ಬರ್ ಬ್ಯಾಂಡ್ ಸುತ್ತಿ ಎಡಕ್ಕೆ ದಾಟಿಸಬೇಕು. ಮೊದಲು ಯಾರು ಹತ್ತು ಕಟ್ಟು ಸೇರಿಸಿ ದೊಡ್ಡ ಕಟ್ಟು ಮಾಡುತ್ತಾರೋ ಅವರು ಗೆದ್ದರು. ಕಟ್ಟು ಕಟ್ಟುವ ಕೈ ಮಗುವಿನದೇ ಆಗಿರಬೇಕು, ನಿಮ್ಮದಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹತ್ತರ ಪಟ್ಟಿ ನೋಡೋಕೆ ಚೆನ್ನಾಗಿರುತ್ತದೆ, ಆದರೆ ಅದನ್ನು ಬಿಚ್ಚೋಕಾಗಲ್ಲ. ಬಿಚ್ಚುವುದೇ ಮುಂದಿನ ಪಾಠ.

43ರಲ್ಲಿ 17 ಕಳೆಯಬೇಕು. ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿ ಇವೆ. ಮೂರರಿಂದ ಏಳು ಕೊಡೋಕಾಗಲ್ಲ. ನಮ್ಮಲ್ಲಿ ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತ ಹೇಳಿಕೊಡುತ್ತಾರೆ. ನನಗೆ ಈ ಮಾತು ಯಾವತ್ತೂ ಸರಿಬಂದಿಲ್ಲ. ತೀರಿಸದೇ ಇರುವ ಅದೆಂಥಾ ಸಾಲ? ಅಲ್ಲಿ ಆಗುವುದು ಚಿಲ್ಲರೆ ಮಾಡಿಸಿದ ಹಾಗೆ. ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದರೆ ಮೂರು ಕಟ್ಟು, ಹದಿಮೂರು ಬಿಡಿ. ಕಡ್ಡಿ ಅಷ್ಟೇ ಇವೆ, ಒಂದೂ ಹೆಚ್ಚಾಗಿಲ್ಲ, ಕಮ್ಮಿಯಾಗಿಲ್ಲ. ಈಗ ಒಂದು ಕಟ್ಟು, ಏಳು ಕಡ್ಡಿ ತೆಗೆದರೆ ಉಳಿದದ್ದು 26. ಇದನ್ನು ಕೈಯಲ್ಲಿ ಮಾಡಿದ ಮಗುವಿಗೆ 4 ಹೊಡೆದು ಮೇಲೆ 3 ಬರೆಯುವುದು ಯಾಕೆ ಅಂತ ಮತ್ತೆ ವಿವರಿಸಬೇಕಾಗಿಲ್ಲ. ಅಂದ ಹಾಗೆ, ಹೀಗೆ ಕಾರ್ಡು, ಕಡ್ಡಿ, ಬೀಜ ಹಿಡಿದುಕೊಂಡು ಕಲಿಯುವ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಇದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಫಾರಿನ್ ಶಾಲೆಯಲ್ಲಿ ಇದನ್ನು ನೋಡಿ ಬೆರಗಾಗುವ ನಮ್ಮವರಿಗೆ ಇದು ಗೊತ್ತಿರಲಿ.

ದುಡ್ಡಿನಲ್ಲಿ ಕಲಿಸಬಹುದಾ ಅಂತ ಒಬ್ಬರು ಕೇಳಿದ್ದರು. ಕಲಿಸಬಹುದು, ಆದರೆ ಕಡ್ಡಿ ಆದಮೇಲೆ. ಹತ್ತರ ಕಟ್ಟಿನೊಳಗೆ ಹತ್ತು ಕಡ್ಡಿ ಕಣ್ಣಿಗೆ ಕಾಣುತ್ತವೆ. ಹತ್ತರ ನೋಟಿನೊಳಗೆ ಹತ್ತು ನಾಣ್ಯ ಕಾಣುವುದಿಲ್ಲ, ನಂಬಬೇಕು. ಇಪ್ಪತ್ತು, ಐವತ್ತು, ಇನ್ನೂರು, ಐನೂರರ ನೋಟು ತೆಗೆದಿಡಿ. ಒಂದು, ಹತ್ತು, ನೂರು ಇಷ್ಟೇ ಸಾಕು. ದುಡ್ಡಿನ ಲಾಭ ಇರುವುದು ಈ ಥರದ ಪ್ರಶ್ನೆಗೆ: 340 ರೂಪಾಯಿ ಕೊಡಬೇಕು, ಬರೀ ಹತ್ತರ ನೋಟೇ ಇದೆ, ಎಷ್ಟು ನೋಟು ಬೇಕು? ‘ಹತ್ತರ ಸ್ಥಾನದಲ್ಲಿ 4 ಇದೆ, ಅದಕ್ಕೇ ನಾಲ್ಕು’ ಅನ್ನುವ ಮಗು ಸ್ಥಾನದ ಹೆಸರು ಕಲಿತಿದೆ. ‘ಮೂವತ್ನಾಲ್ಕು’ ಅನ್ನುವ ಮಗುವಿಗೆ ಅಂಕಿಯ ಬೆಲೆ ಗೊತ್ತಾಗಿದೆ.

ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತುವವರಿಗೆ ಇನ್ನೊಂದು ಆಟ. ಮಗ ಬೆರಳು ಮಡಚುತ್ತಾ ಒಂದರಿಂದ ಹತ್ತು ಮೆಟ್ಟಿಲು ಎಣಿಸುತ್ತಾನೆ. ಹತ್ತಾದಾಗ ‘ಹತ್ತು!’ ಅಂತ ಕೂಗಿ ಮತ್ತೆ ಒಂದರಿಂದ ಶುರು ಮಾಡುತ್ತಾನೆ. ಅವನು ಕೂಗಿದಾಗೆಲ್ಲ ಮಗಳು ತನ್ನದೊಂದು ಬೆರಳು ಮಡಚುತ್ತಾಳೆ. ಅವಳ ಹತ್ತೂ ಬೆರಳು ಮುಗಿದರೆ ನಾನು ಚೀಲಕ್ಕೆ ಒಂದು ಹುಣಸೆಬೀಜ ಹಾಕುತ್ತೇನೆ. ಯಾರೂ ಹತ್ತಕ್ಕಿಂತ ಮುಂದೆ ಎಣಿಸುವುದೇ ಇಲ್ಲ. ನಂದಿ ಹತ್ತಿರ ನಿಂತು ಬೀಜ, ಮಗಳ ಬೆರಳು, ಮಗನ ಬೆರಳು ಇದೇ ಕ್ರಮದಲ್ಲಿ ಓದಿದರೆ ಎಷ್ಟು ಮೆಟ್ಟಿಲು ಹತ್ತಿದೆವು ಅಂತ ಗೊತ್ತು. ಮಗಳ ಕೈ ಖಾಲಿ ಇದ್ದರೆ ಅಲ್ಲಿ ಸೊನ್ನೆ. ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಬರುವವರು ನಮ್ಮ ಕೂಗಾಟ ನೋಡಿ ನಗುತ್ತಾರೆ. ನಗಲಿ ಬಿಡಿ.

ಮಂಡ್ಯದಲ್ಲಿ ನಮ್ಮಪ್ಪನ ಪಾಠ ಬೇರೆ. ಮಳೆಗಾಲದಲ್ಲಿ ಅಲ್ಲಿ ಪೇಪರ್ ಬಂದರೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಲೆಕ್ಕ. ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಆ ಕಡೆ ಹುಟ್ಟಿದವರಿಗೆ ಬಾಯಲ್ಲೇ ಇರುತ್ತದೆ. ಆ ಚುಕ್ಕೆ ಆಚೆಯ ಅಂಕಿ ಸದ್ಯಕ್ಕೆ ಬೇಡ, ಅದು ದೊಡ್ಡ ಮಕ್ಕಳಿಗೆ. ನಮಗೆ ಬೇಕಾದದ್ದು ಒಳಹರಿವು, ಹೊರಹರಿವು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ನಿನ್ನೆ ಒಳಹರಿವು 9,850 ಕ್ಯುಸೆಕ್, ಇವತ್ತು 10,240 ಅಂತ ಇಟ್ಟುಕೊಳ್ಳಿ. ‘ನೀರು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?’ ಅಂತ ತಾತ ಕೇಳುತ್ತಾರೆ. 9 ದೊಡ್ಡದು, 1 ಚಿಕ್ಕದು, ಅದಕ್ಕೆ ಕಮ್ಮಿ ಅಂತಾನೆ ಮೊಮ್ಮಗ. ಅಂಕಿ ನೋಡುವ ಮುಂಚೆ ಎಷ್ಟು ಜಾಗ ತುಂಬಿದೆ ಅಂತ ಎಣಿಸು ಅಂತಾರೆ ತಾತ. ಇನ್ನೊಂದು ಜೋಡಿ: 5,036 ಮತ್ತು 50,360. ಅವೇ ಅಂಕಿಗಳು, ಅದೇ ಸಾಲು, ಕೊನೆಗೆ ಒಂದು ಸೊನ್ನೆ ಹೆಚ್ಚು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಆ ಒಂದು ಸೊನ್ನೆಯಿಂದ 5 ಅನ್ನುವ ಅಂಕಿ ಸಾವಿರದ ಜಾಗ ಬಿಟ್ಟು ಹತ್ತು ಸಾವಿರದ ಜಾಗಕ್ಕೆ ಹೋಯಿತು. ನದಿಗೆ ಅಷ್ಟೊಂದು ನೀರು ಬಿಟ್ಟಾಗ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ, ನದಿ ದಡದ ಊರುಗಳಲ್ಲಿ ಹುಷಾರಾಗಿರಿ ಅಂತ ಸಾರುತ್ತಾರೆ. ದೋಣಿ ಇಲ್ಲ ಅಂತ ಅಳುತ್ತಾ ಬಂದ ನನ್ನ ಮಗನಿಗೆ ಯಾವ ವರ್ಕ್‌ಶೀಟಿಗಿಂತ ಇದು ಚೆನ್ನಾಗಿ ಅರ್ಥವಾಯಿತು. ವಾಪಸ್ ಹೋದಮೇಲೂ ವಿಡಿಯೋ ಕಾಲ್‌ನಲ್ಲಿ ತಾತ ಅಂಕಿ ಹೇಳುವುದು, ಮೊಮ್ಮಗ ಬರೆದು ತೋರಿಸುವುದು ನಡೆಯುತ್ತದೆ. ‘ಊಟ ಆಯ್ತಾ, ಚಳಿ ಇದ್ಯಾ’ ಮುಗಿದಮೇಲೆ ಮಾತಿಲ್ಲದೆ ಕೂರುವ ಅಜ್ಜ ಮೊಮ್ಮಕ್ಕಳಿಗೆ ಇದೊಂದು ನೆಪ.

ಮನೆಯಲ್ಲಿ ಎಣಿಕೆ ಕನ್ನಡದಲ್ಲಿ ಇರಲಿ ಅನ್ನುತ್ತೇನೆ. ಭಾಷಾಭಿಮಾನಕ್ಕೆ ಮಾತ್ರ ಅಲ್ಲ. ಇಪ್ಪತ್ತಮೂರು ಅಂದರೆ ಮೊದಲು ಇಪ್ಪತ್ತು, ಆಮೇಲೆ ಮೂರು, ಬರೆಯುವ ಕ್ರಮವೂ ಅದೇ. ಜರ್ಮನ್‌ನಲ್ಲಿ ‘ಮೂರು ಮತ್ತು ಇಪ್ಪತ್ತು’ ಅಂತ ತಿರುಗಿಸಿ ಹೇಳುತ್ತಾರೆ, ಅಲ್ಲಿನ ಮಕ್ಕಳು 23 ಬದಲು 32 ಬರೆಯುವುದು ಮಾಮೂಲು. ನಮ್ಮಲ್ಲಿ ಎಡವುವುದು ತೊಂಬತ್ತು, ಒಂಬೈನೂರರ ಹತ್ತಿರ, ಅಷ್ಟೇ. ಬಸ್ಸಿನ ಮೇಲೆ, ಕ್ಯಾಲೆಂಡರಿನಲ್ಲಿ ಕನ್ನಡ ಅಂಕಿ ಕಂಡರೆ ಓದಿಸಿ. ೪೦೭, ೪೭೦. ಆಕಾರ ಹೊಸದು, ಜಾಗದ ನಿಯಮ ಹಳೆಯದೇ.

ಲಕ್ಷ, ಮಿಲಿಯನ್ ಗೊಂದಲದ ಬಗ್ಗೆ ಬಹಳ ಜನ ಬರೆದಿದ್ದೀರಿ. ಅರಮನೆ ದೀಪಾಲಂಕಾರಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಇಲ್ಲಿ 1,00,000 ಅಂತ ಬರೆಯುತ್ತೇವೆ, ಅಮೆರಿಕದಲ್ಲಿ 100,000, ಜರ್ಮನಿಯಲ್ಲಿ ಅಲ್ಪವಿರಾಮದ ಬದಲು ಚುಕ್ಕೆ. ಅಂಕಿಯ ಜಾಗ ಎಲ್ಲೂ ಬದಲಾಗಿಲ್ಲ, ಓದೋಕೆ ಅನುಕೂಲ ಆಗಲಿ ಅಂತ ಹಾಕುವ ಗುರುತು ಬದಲಾಗಿದೆ. ಸಾವಿರದವರೆಗೆ ಗಟ್ಟಿಯಾಗುವ ತನಕ ಇದನ್ನು ಎತ್ತಲೇಬೇಡಿ. ಆಮೇಲೆ ಮಕ್ಕಳೇ ‘ಕೋಟಿ ಆದ್ಮೇಲೆ ಏನು?’ ಅಂತ ಬೆನ್ನು ಹತ್ತುತ್ತಾರೆ. ಆಗ ಹೇಳಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಏಕ’ದಿಂದ ಶುರು ಮಾಡಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದ ಅಂತ.

ಅಬಾಕಸ್ ಕ್ಲಾಸಿನ ವಿಚಾರ: ಅದು ವೇಗಕ್ಕೆ. 16ರಲ್ಲಿ ಒಂದೇ ಬೀಜ ಎತ್ತುವ ಮಗುವಿಗೆ ಈಗಲೇ ವೇಗ ಯಾಕೆ? ದುಡ್ಡು ಉಳಿಸಿ.

ಈಗ ನನ್ನದೊಂದು ಪ್ರಶ್ನೆ, ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್‌ನಲ್ಲಿ ಇರುವವರಿಗೆ. ಶಾಲೆಯಲ್ಲಿ ಕೇಳಿದ ಕ್ರಮದಲ್ಲೇ ಮೊದಲು ಬಿಡಿ ಬರೆದು, ಆಮೇಲೆ ಎಡಕ್ಕೆ ಬಂದು ಹತ್ತು ಬರೆಯುವ ಅಭ್ಯಾಸ ನನ್ನ ಮಗನಿಗೆ ಹತ್ತಿಬಿಟ್ಟಿದೆ. ಎರಡಂಕಿಗೆ ಪರವಾಗಿಲ್ಲ. ಮುಂದಿನ ವರ್ಷ ಶಾಲೆಯಲ್ಲಿ ಮೂರಂಕಿ ಬಂದಾಗ ನೂರು ಬರೆದು, ಒಂದು ಜಾಗ ಬಿಟ್ಟು, ಬಿಡಿ ಬರೆದು, ಮತ್ತೆ ವಾಪಸ್ ನಡುವೆ ಬರಬೇಕಾಗುತ್ತದೆ. ನಿಮ್ಮ ಮಕ್ಕಳಿಗೆ ಇದನ್ನು ಟೀಚರ್ ಬಿಡಿಸಿದರಾ, ನೀವೇ ಬಿಡಿಸಿದಿರಾ, ಅಥವಾ ತಾನಾಗೇ ಹೋಯಿತಾ? ಗೊತ್ತಿದ್ದವರು ಬರೆಯಿರಿ.