ಅಪ್‌ಡೇಟ್: ಮಗಳ ಹೈಸ್ಕೂಲಿನ ಲ್ಯಾಬ್ ಬೀಗ ತೆಗೆದರು

ಮಗಳು ಓದೋ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಲ್ಯಾಬ್‌ಗೆ ಬೀಗ ಹಾಕಿ, ಒಳಗೆ ಮುರಿದ ಬೆಂಚು ತುಂಬಿಟ್ಟಿದ್ದಾರೆ, ಏನು ಮಾಡೋದು ಅಂತ ಹಿಂದೆ ಕೇಳಿದ್ದೆ. ದೂರು ಕೊಡುವ ಮೊದಲು ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೆಲಸಕ್ಕೆ ಬಂತು.

ಕಪಾಟಿನಲ್ಲಿ ಸಾಮಾನು ಚೆನ್ನಾಗೇ ಇತ್ತು. ಲೇಬಲ್ ಅಳಿಸಿಹೋದ ಬಾಟಲಿಗಳನ್ನು ಮಾತ್ರ ಮೇಡಂ ಯಾರಿಗೂ ಮುಟ್ಟಲು ಬಿಡದೆ ಬೇರೆ ಇಟ್ಟರು. ಒಳ್ಳೇದೇ ಮಾಡಿದರು. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಿದರೆ ಕುದಿದು ಸಿಡಿಯುತ್ತದೆ ಅಂತ ಮಗಳು ಮನೆಗೆ ಬಂದು ನನಗೇ ಪಾಠ ಮಾಡಿದಳು.

ಹತ್ತನೇ ಕ್ಲಾಸಿಗೆ ಮೊದಲ ಪ್ರಯೋಗ ಓಮ್‌ನ ನಿಯಮ, ಅಂದರೆ ವೋಲ್ಟೇಜ್‌ಗೂ ಕರೆಂಟ್‌ಗೂ ಇರುವ ಸಂಬಂಧ. ಕರೆಂಟ್ ಅಳೆಯುವ ಅಮ್ಮೀಟರ್ ಸರಣಿಯಲ್ಲಿ (ಒಂದರ ಹಿಂದೊಂದು, ಒಂದೇ ದಾರಿಯಲ್ಲಿ), ವೋಲ್ಟೇಜ್ ಅಳೆಯುವ ವೋಲ್ಟ್‌ಮೀಟರ್ ಸಮಾಂತರವಾಗಿ (ಎರಡು ತುದಿಗಳಿಗೆ ಅಡ್ಡಲಾಗಿ) ಜೋಡಿಸಬೇಕು. ಒಂದು ಗುಂಪು ಎರಡನ್ನೂ ಸರಣಿಯಲ್ಲೇ ಜೋಡಿಸಿತ್ತಂತೆ. ಅಮ್ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ! ವೋಲ್ಟ್‌ಮೀಟರಿನ ರೋಧ ತುಂಬಾ ಜಾಸ್ತಿ, ಕರೆಂಟ್ ಹರಿಯಲು ಬಿಡಲ್ಲ ಅಂತ ಮಕ್ಕಳೇ ಕೊನೆಗೆ ಕಂಡುಕೊಂಡರು. ಸುಮ್ನೆ ಪುಸ್ತಕ ಓದಿದರೆ ಇದು ಬರುತ್ತಾ?

ಸಿಂಕ್‌ಗೆ ಇನ್ನೂ ನೀರಿಲ್ಲ, ಸದ್ಯಕ್ಕೆ ಬಕೆಟ್ಟೇ ಗತಿ. ಪೈಪ್ ಎಳೆಸಿಕೊಡಿ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ.