ಒಂದೇ ವಾರ್ಡಿನಲ್ಲಿ 40 ಮತ್ತು 100 ಯೂನಿಟ್‌ಗಳ ಇನ್ಸುಲಿನ್: ಕೊಡುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಹೊಸದಾಗಿ ಸೇರಿದ ಸ್ಟಾಫ್ ನರ್ಸ್

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಈಚೆಗೆ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿಗೆ ಸೇರಿದ್ದೇನೆ. ನಮ್ಮ ಫ್ರಿಜ್ಜಿನಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ರೆಗ್ಯುಲರ್ (ಊಟಕ್ಕೆ ಮುಂಚೆ ಕೊಡುವ, ಬೇಗ ಕೆಲಸ ಮಾಡುವ) ಇನ್ಸುಲಿನ್ ವಯಲ್‌ಗಳ ಪಕ್ಕದಲ್ಲೇ 100 ಯೂನಿಟ್ ಇರುವ ಗ್ಲಾರ್ಜಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ವಯಲ್‌ಗಳೂ ಇರುತ್ತವೆ. ಟ್ರಾಲಿಯಲ್ಲಿ ಕೆಂಪು ಮುಚ್ಚಳದ (40ರ) ಮತ್ತು ಕಿತ್ತಳೆ ಮುಚ್ಚಳದ (100ರ) ಸಿರಿಂಜುಗಳು ಒಂದೇ ಟ್ರೇಯಲ್ಲಿ ಬೆರೆತಿರುತ್ತವೆ. ರಾತ್ರಿ ಪಾಳಿಯಲ್ಲಿ ಕಿತ್ತಳೆ ಸಿರಿಂಜು ಮುಗಿದರೆ, ಕೆಂಪಿನಲ್ಲೇ ಲೆಕ್ಕ ಹಾಕಿ ಎಳೆಯಿರಿ ಎನ್ನುತ್ತಾರೆ. ಇದು ಸರಿಯಾದ ಕ್ರಮವೇ? ರೋಗಿಗೆ ಊಟ ಬಂದಿಲ್ಲದಿದ್ದರೆ ಬರೆದಿರುವ ಡೋಸನ್ನು ಕೊಡಬೇಕೆ, ತಡೆಹಿಡಿಯಬೇಕೆ ಎಂಬುದನ್ನೂ ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಾರ್ಡ್ ಇನ್‌ಚಾರ್ಜ್, ಸರ್ಕಾರಿ ಆಸ್ಪತ್ರೆ

ಸಿಸ್ಟರ್, ಲೆಕ್ಕ ಹಾಕಿ ಎಳೆಯುವ ಅಭ್ಯಾಸವನ್ನು ಆರಂಭಿಸಲೇಬೇಡಿ. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು 40ರ ವಯಲ್‌ಗೆಂದೇ ಹಾಕಿದವು. ಅದರ 20ನೇ ಗೆರೆಯವರೆಗೆ ಹಿಡಿಯುವುದು ಅರ್ಧ ಮಿಲಿಲೀಟರ್. 40ರ ವಯಲ್‌ನಿಂದ ಎಳೆದರೆ ಅದರಲ್ಲಿ 20 ಯೂನಿಟ್ ಇರುತ್ತದೆ, 100ರ ವಯಲ್‌ನಿಂದ ಎಳೆದರೆ 50 ಯೂನಿಟ್ ಇರುತ್ತದೆ. ಅಂದರೆ ರೋಗಿಯ ಮೈಗೆ ಹೋಗುವುದು ಎರಡೂವರೆ ಪಟ್ಟು.

ಇದಕ್ಕೆ ತಿರುವುಮುರುವಾದ ತಪ್ಪಿನ ಬಗ್ಗೆ ನನಗೆ ಇನ್ನೂ ಹೆಚ್ಚಿನ ಭಯವಿದೆ. 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನ 20ನೇ ಗೆರೆಯವರೆಗೆ ಎಳೆದರೆ ರೋಗಿಗೆ ಸಿಗುವುದು 8 ಯೂನಿಟ್ ಮಾತ್ರ. ಆಗ ಸಕ್ಕರೆ ಇಳಿಯುವುದಿಲ್ಲ, ರೌಂಡ್ಸಿಗೆ ಬಂದ ವೈದ್ಯರು ಡೋಸ್ ಸಾಲದೆಂದು ಭಾವಿಸಿ ಹೆಚ್ಚಿಸುತ್ತಾರೆ, ಮರುದಿನ ಬೇರೊಬ್ಬ ಸಿಸ್ಟರ್ ಆ ಹೆಚ್ಚಿಸಿದ ಡೋಸನ್ನು ಸರಿಯಾದ ಸಿರಿಂಜಿನಲ್ಲೇ ಕೊಟ್ಟಾಗ ರೋಗಿ ಬೆವತು ಮಂಪರಿಗೆ ಜಾರುತ್ತಾನೆ. ತಪ್ಪು ನಡೆದದ್ದು ಹಿಂದಿನ ದಿನ. ಕೇಸ್ ಶೀಟಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ರಾತ್ರಿ ಹಾಕಿದ ಲೆಕ್ಕ ಸರಿಯಾಗಿಯೇ ಬಂದೀತು. 20 ಯೂನಿಟ್ ಗ್ಲಾರ್ಜಿನ್ ಅನ್ನು ಕೆಂಪು ಸಿರಿಂಜಿನಲ್ಲಿ 8ನೇ ಗೆರೆಯವರೆಗೆ ಎಳೆದರೆ ಸಾಕು ಎಂಬುದು ನಿಜವೇ. ಆದರೆ ಬೆಳಗಿನ ಹ್ಯಾಂಡ್‌ಓವರ್‌ನಲ್ಲಿ ಆ "8" ಎಂಬ ಸಂಖ್ಯೆ ಒಂಟಿಯಾಗಿ ದಾಟಿದರೆ, ಮುಂದಿನವರು ಅದನ್ನು 8 ಯೂನಿಟ್ ಎಂದೇ ತಿಳಿಯುತ್ತಾರೆ. ಆದ್ದರಿಂದ ಕಿತ್ತಳೆ ಸಿರಿಂಜು ಇಲ್ಲದಿದ್ದರೆ ಪಕ್ಕದ ವಾರ್ಡಿನಿಂದ ತರಿಸಿ. ಅಲ್ಲಿಯೂ ಸಿಗದಿದ್ದರೆ ಡ್ಯೂಟಿ ಡಾಕ್ಟರಿಗೆ ತಿಳಿಸಿ. ಗ್ಲಾರ್ಜಿನ್ ಅರ್ಧ ಗಂಟೆ ತಡವಾದರೆ ಆಗುವ ತೊಂದರೆ ಅತ್ಯಲ್ಪ. ಮುಚ್ಚಳದ ಬಣ್ಣವನ್ನೂ ಪೂರ್ತಿ ನಂಬಬೇಡಿ, ಅದನ್ನು ತೆಗೆದು ಬದಿಗಿಟ್ಟ ಮೇಲೆ ಕೈಯಲ್ಲಿ ಉಳಿಯುವುದು ಸಿರಿಂಜಿನ ಕೊಳವೆ ಮಾತ್ರ. ವಯಲ್ ಮೇಲಿನ ಸಂಖ್ಯೆಯನ್ನೂ ಕೊಳವೆಯ ಮೇಲಿನ ಸಂಖ್ಯೆಯನ್ನೂ ಇನ್ನೊಬ್ಬರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಎಳೆದ ಡೋಸನ್ನು ಅವರಿಗೆ ತೋರಿಸಿ.

ಆರ್ಡರ್ ಶೀಟಿನಲ್ಲಿ "ಯೂನಿಟ್" ಎಂಬುದನ್ನು ಪೂರ್ತಿ ಬರೆಯುವಂತೆ ವೈದ್ಯರನ್ನು ಕೇಳುವುದಕ್ಕೆ ಸಂಕೋಚ ಬೇಡ. ಅವಸರದಲ್ಲಿ ಬರೆದ ಇಂಗ್ಲಿಷಿನ ಯು ಅಕ್ಷರ ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಿಬಿಡುತ್ತದೆ.

ಊಟದ ವಿಷಯ: ರೆಗ್ಯುಲರ್ ಇನ್ಸುಲಿನ್ ಅನ್ನು ಊಟಕ್ಕೆ ಸುಮಾರು 30 ನಿಮಿಷ ಮೊದಲು ಕೊಡುತ್ತೇವೆ, ಇನ್ನೂ ಬೇಗ ಕೆಲಸ ಮಾಡುವ ಲಿಸ್‌ಪ್ರೊ, ಆಸ್ಪಾರ್ಟ್‌ಗಳನ್ನು ತಟ್ಟೆ ಎದುರಿಗೆ ಬಂದ ಮೇಲೆ ಕೊಟ್ಟರೆ ಸಾಕು. ಜೊತೆಗಿರುವವರು "ಇಡ್ಲಿ ತರಲು ಹೋಗಿದ್ದಾರೆ, ಈಗ ಬಂದುಬಿಡುತ್ತಾರೆ" ಎಂದು ಹೇಳುವುದು ಊಟ ಬಂದಂತಲ್ಲ. ಇಡ್ಲಿ ಬರುವವರೆಗೆ ಇನ್ಸುಲಿನ್ ಕೊಡಬೇಡಿ.

ಉತ್ತರ 2: ಆಸ್ಪತ್ರೆ ಫಾರ್ಮಸಿಸ್ಟ್

ಮೇಲಿನ ಮಾತುಗಳಿಗೆ ನನ್ನ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ. ಎರಡು ಬಗೆಯ ವಯಲ್‌ಗಳನ್ನು ಫ್ರಿಜ್ಜಿನ ಬೇರೆ ಬೇರೆ ಅರೆಗಳಲ್ಲಿ, ಆಯಾ ಸಿರಿಂಜುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡಲು ಖರ್ಚೇನೂ ಬೇಕಿಲ್ಲ. ಇಂಡೆಂಟ್ (ಫಾರ್ಮಸಿಗೆ ಕಳಿಸುವ ಬೇಡಿಕೆ ಚೀಟಿ) ಬರೆಯುವಾಗ ಬರಿಯ "ಇನ್ಸುಲಿನ್ ಸಿರಿಂಜು" ಎಂದು ಬರೆಯದೆ 40ರದ್ದೋ 100ರದ್ದೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆಯದಿದ್ದರೆ ನಮ್ಮ ಕಡೆಯಿಂದ ಕೈಗೆ ಸಿಕ್ಕಿದ್ದು ಬರುತ್ತದೆ, ಇದು ನಮ್ಮವರ ಮೇಲಿನ ದೂರೂ ಹೌದು.

ತಿಳಿಯಾಗಿರುವುದೆಲ್ಲ ರೆಗ್ಯುಲರ್ ಎಂಬ ಹಳೆಯ ಗುರುತು ಈಗ ನಡೆಯುವುದಿಲ್ಲ. ಗ್ಲಾರ್ಜಿನ್ ಕೂಡ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಅದು ಆಮ್ಲೀಯ ದ್ರಾವಣವಾದ್ದರಿಂದ ಬೇರೆ ಯಾವ ಇನ್ಸುಲಿನ್ ಜೊತೆಗೂ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ಮಸುಕಾಗಿರುವ, ಮಧ್ಯಮ ಅವಧಿಯ ಎನ್‌ಪಿಎಚ್ ಮತ್ತು 30/70 (ರೆಗ್ಯುಲರ್ ಮತ್ತು ಎನ್‌ಪಿಎಚ್ ಬೆರೆತ) ವಯಲ್‌ಗಳನ್ನು ಅಲುಗಾಡಿಸದೆ, ಅಂಗೈಗಳ ನಡುವೆ ಉರುಳಿಸಿ ಒಂದೇ ಸಮನಾಗಿಸಬೇಕು. ರೆಗ್ಯುಲರ್ ಮತ್ತು ಎನ್‌ಪಿಎಚ್ ಎರಡನ್ನೂ ಒಂದೇ ಸಿರಿಂಜಿಗೆ ಎಳೆಯಬೇಕಾದಾಗ ತಿಳಿಯಾದ ರೆಗ್ಯುಲರ್ ಮೊದಲು. ತೆರೆಯದ ವಯಲ್ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ. ತೆರೆದ ದಿನಾಂಕವನ್ನು ವಯಲ್ ಮೇಲೆಯೇ ಬರೆಯಿರಿ. ಸಾಮಾನ್ಯವಾಗಿ 4 ವಾರದ ಮೇಲೆ ಬಳಸುವುದಿಲ್ಲ, ಆದರೂ ಪೆಟ್ಟಿಗೆಯಲ್ಲಿರುವ ಸೂಚನೆಯೇ ಅಂತಿಮ.

ಉತ್ತರ 3: ನರ್ಸಿಂಗ್ ಕಾಲೇಜಿನ ಬೋಧಕಿ

ಇನ್‌ಚಾರ್ಜ್ ಮೇಡಂ ಊಟದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದು ಊಟದ ಜೊತೆಗಿನ ಇನ್ಸುಲಿನ್‌ಗೆ ಮಾತ್ರ ಅನ್ವಯಿಸುತ್ತದೆ. ಹೊಸಬರು ಅದನ್ನು ಗ್ಲಾರ್ಜಿನ್‌ಗೂ ಅನ್ವಯಿಸಿ, ರೋಗಿ ಎನ್‌ಪಿಒದಲ್ಲಿ (ಬಾಯಿಯಿಂದ ಏನನ್ನೂ ಕೊಡಬಾರದ ಸ್ಥಿತಿ) ಇದ್ದಾನೆಂದು ರಾತ್ರಿಯ ಡೋಸನ್ನು ತಾವೇ ನಿಲ್ಲಿಸಿಬಿಡುವುದುಂಟು. ಊಟವಿಲ್ಲದಿದ್ದರೂ ಯಕೃತ್ತು ಸಕ್ಕರೆಯನ್ನು ಬಿಡುತ್ತಲೇ ಇರುವುದರಿಂದ, ವಿಶೇಷವಾಗಿ ಟೈಪ್ 1 ಮಧುಮೇಹದಲ್ಲಿ, ಗ್ಲಾರ್ಜಿನ್‌ನಂಥ ಮೂಲ ಇನ್ಸುಲಿನ್ ಪೂರ್ತಿ ನಿಂತರೆ ಕೀಟೊಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ಡೋಸ್ ತಗ್ಗಿಸಬೇಕೆ ಎಂಬುದನ್ನು ಜಿಆರ್‌ಬಿಎಸ್ (ಬೆರಳ ತುದಿಯ ರಕ್ತದಲ್ಲಿ ನೋಡುವ ಸಕ್ಕರೆ) ಸಂಖ್ಯೆಯೊಂದಿಗೆ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ಬರೆಸಿಕೊಳ್ಳಿ.

ಜಿಆರ್‌ಬಿಎಸ್ 70ಕ್ಕಿಂತ ಕೆಳಗಿದ್ದು ರೋಗಿಗೆ ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಬೇಗ ಒಡೆಯುವುದಿಲ್ಲ, ಅವರಿಗೆ ಗ್ಲುಕೋಸ್ ಪುಡಿಯೇ ಆಗಬೇಕು. ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ಮಾತ್ರೆ) ಸೇವಿಸುವವರಲ್ಲಿ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತಗಳು ಮರೆಯಾಗಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ವೈದ್ಯರನ್ನು ಕರೆದು, ರಕ್ತನಾಳದ ಮೂಲಕ ಡೆಕ್ಸ್ಟ್ರೋಸ್ ಕೊಡಲು ಸಿದ್ಧರಾಗಿ.

ರಕ್ತನಾಳಕ್ಕೆ ಔಷಧವನ್ನು ನಿಧಾನವಾಗಿ ಹರಿಸುವ ಇನ್ಫ್ಯೂಷನ್ ಪಂಪಿಗೆ ಇನ್ಸುಲಿನ್ ತಯಾರಿಸುವಾಗಲೂ ಇದೇ ಯೂನಿಟ್ ಸಮಸ್ಯೆ ಎದುರಾಗುತ್ತದೆ. 50 ಮಿಲಿಲೀಟರ್ ನಾರ್ಮಲ್ ಸಲೈನಿನಲ್ಲಿ 50 ಯೂನಿಟ್ ರೆಗ್ಯುಲರ್ ಹಾಕಲು 40ರ ವಯಲ್‌ನಿಂದ 1.25 ಮಿಲಿಲೀಟರ್ ಬೇಕು. ಅದು ಕೆಂಪು ಸಿರಿಂಜಿನ ಒಂದು ತುಂಬಿಗೆ ಸಾಲದು. ಹಾಗೆಂದು ಸಾಧಾರಣ 2 ಮಿಲಿಲೀಟರ್ ಸಿರಿಂಜಿನಲ್ಲಿ ಅಂದಾಜಿಗೆ ಎಳೆಯುವುದು ಬೇಡ, ಇನ್ಸುಲಿನ್ ಸಿರಿಂಜಿನಲ್ಲೇ ಮೊದಲು 40, ಆಮೇಲೆ 10 ಎಂದು ಎಳೆಯಿರಿ. ಪೊಟ್ಯಾಸಿಯಂ ವರದಿ ನೋಡದೆ ಪಂಪ್ ಆರಂಭಿಸಬೇಡಿ, ಅದು 3.5ಕ್ಕಿಂತ ಕೆಳಗಿರುವಾಗ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಕ್ಕೆ ತಳ್ಳಿ ಹೃದಯದ ಲಯವನ್ನೇ ಕೆಡಿಸಬಲ್ಲದು.

ಪ್ರಶ್ನಿಸಿದವರು

ಎಲ್ಲರಿಗೂ ಧನ್ಯವಾದಗಳು, ಡಬ್ಬಿಗಳನ್ನು ಬೇರೆ ಮಾಡಿಸಲು ನಮ್ಮ ಇನ್‌ಚಾರ್ಜ್ ಒಪ್ಪಿದ್ದಾರೆ. ಇನ್ನೊಂದು ಸಂದೇಹ: ರೋಗಿಗಳು ಮನೆಯಿಂದ ತಂದ ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆದು ಕೊಡಬಹುದೆ? ವಾರ್ಡಿನ ಪೆನ್ನೊಂದನ್ನು ಸೂಜಿ ಬದಲಿಸಿ ಇಬ್ಬರಿಗೆ ಬಳಸಬಹುದೆ?

ಉತ್ತರ 1: ವಾರ್ಡ್ ಇನ್‌ಚಾರ್ಜ್

ಎರಡೂ ಕೂಡದು. ಇಲ್ಲಿ ಸಾಮಾನ್ಯವಾಗಿ ಸಿಗುವ ಕಾರ್ಟ್ರಿಜ್‌ಗಳಲ್ಲಿ ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ, 3 ಮಿಲಿಲೀಟರಿನಲ್ಲಿ 300. ಕೆಂಪು ಸಿರಿಂಜಿನಲ್ಲಿ ಅದನ್ನು ಎಳೆದರೆ ಮೊದಲು ಹೇಳಿದ ಎರಡೂವರೆ ಪಟ್ಟಿನ ತಪ್ಪೇ ಮತ್ತೆ ಆಗುತ್ತದೆ. ಸೂಜಿ ಚುಚ್ಚಿ ಎಳೆದಾಗ ಕಾರ್ಟ್ರಿಜ್‌ನೊಳಗೆ ಗಾಳಿ ಸೇರಿ ಪೆನ್ನಿನ ಮುಂದಿನ ಡೋಸ್‌ಗಳೂ ಏರುಪೇರಾಗುತ್ತವೆ. ಚುಚ್ಚುವಾಗ ರೋಗಿಯ ರಕ್ತ ಕಾರ್ಟ್ರಿಜ್‌ನೊಳಕ್ಕೆ ಹಿಮ್ಮುಖವಾಗಿ ಸೇರಬಹುದಾದ್ದರಿಂದ ಸೂಜಿ ಬದಲಿಸಿದರೂ ಸೋಂಕಿನ ಅಪಾಯ ತಪ್ಪುವುದಿಲ್ಲ. ಒಂದು ಪೆನ್ನು ಒಬ್ಬ ರೋಗಿಗೆ ಮಾತ್ರ. ಹೆಸರಿನ ಚೀಟಿಯನ್ನು ಮುಚ್ಚಳಕ್ಕೆ ಅಂಟಿಸದೆ ಪೆನ್ನಿನ ಮೈಗೇ ಅಂಟಿಸಿ, ಏಕೆಂದರೆ ಮುಚ್ಚಳಗಳು ಅದಲುಬದಲಾಗುತ್ತವೆ.