ಸಮೋವಾದಲ್ಲಿ ಐದು ದಿನ, ಅಮ್ಮನನ್ನೂ ಕರೆದುಕೊಂಡು: ಹೋಗಿಬಂದವರ ಮಾತು

ಪ್ರಶ್ನೆ:
ನಾವು ಆಕ್ಲೆಂಡಿನಲ್ಲಿದ್ದೇವೆ. ಜುಲೈ ಶಾಲಾ ರಜೆಯಲ್ಲಿ ಐದು ದಿನ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾಕ್ಕೆ ಹೋಗೋಣ ಅಂತಿದೆ. ಶಿವಮೊಗ್ಗದಿಂದ ಬಂದಿರುವ ಅಮ್ಮನೂ ಜೊತೆಗಿರುತ್ತಾರೆ. ಎಪ್ಪತ್ತು ದಾಟಿದೆ, ಮಂಡಿನೋವು, ಶುದ್ಧ ಸಸ್ಯಾಹಾರಿ. ಎರಡು ಮಕ್ಕಳಿದ್ದಾರೆ. ಓಡಾಡಿ ಸುಸ್ತಾಗುವುದು ಬೇಡ, ಸಮುದ್ರದ ಪಕ್ಕ ಆರಾಮಾಗಿ ಇದ್ದು ಬರಬೇಕು. ಅಲ್ಲಿನ ಎರಡೂ ದೊಡ್ಡ ದ್ವೀಪ, ಉಪೋಲು ಮತ್ತು ಸವಾಯಿ, ನೋಡುವುದಕ್ಕೆ ಆಗುತ್ತದಾ? ಊಟಕ್ಕೆ ಏನು ಮಾಡಿದಿರಿ? ಗೊತ್ತಿರುವವರು ದಯವಿಟ್ಟು ತಿಳಿಸಿ.

ವೆಲಿಂಗ್ಟನ್‌ನಿಂದ:
ಖಂಡಿತ ಹೋಗಿ. ಜುಲೈ ಒಳ್ಳೇ ಸಮಯ. ಮೇನಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಗಾಳಿ ತಂಪಾಗಿರುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆಕ್ಲೆಂಡಿನಿಂದ ಹೆಚ್ಚುಕಮ್ಮಿ ನಾಲ್ಕು ಗಂಟೆಯ ವಿಮಾನ ಪ್ರಯಾಣ. ನಮ್ಮ ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಇರುತ್ತದೆ, ಅಷ್ಟೇ. ಹಳೇ ಪುಸ್ತಕ ನೋಡಿ ಒಂದು ದಿನ ಹಿಂದೆ ಅಂದುಕೊಂಡೀರಿ. 2011ರ ಡಿಸೆಂಬರ್ 30ನ್ನೇ ಕ್ಯಾಲೆಂಡರಿನಿಂದ ಬಿಟ್ಟು ಅವರು ದಿನಾಂಕ ರೇಖೆಯ ಈಚೆಗೆ ಬಂದಾಗಿದೆ. ವ್ಯಾಪಾರವೆಲ್ಲ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಜೊತೆ, ವಾರದಲ್ಲಿ ಕೆಲಸದ ದಿನಗಳೇ ತಾಳೆಯಾಗುತ್ತಿರಲಿಲ್ಲ. ಪಕ್ಕದಲ್ಲೇ ಅಮೆರಿಕದ ಅಧೀನದಲ್ಲಿರುವ ಅಮೆರಿಕನ್ ಸಮೋವಾ ಮಾತ್ರ ಈಗಲೂ ರೇಖೆಯ ಆಚೆಗಿದೆ. ಟಿಕೆಟ್ ಮಾಡುವಾಗ ಹೆಸರು ಸರಿಯಾಗಿ ನೋಡಿ, ನಿಮಗೆ ಬೇಕಾದದ್ದು ಸಮೋವಾದ ರಾಜಧಾನಿ ಅಪಿಯಾ.

ನನ್ನ ಸಲಹೆ ಒಂದೇ: ಐದು ದಿನಕ್ಕೆ ಒಂದೇ ದ್ವೀಪ, ಸಾಧ್ಯವಾದರೆ ಒಂದೇ ಕಡಲತೀರ. ಉಪೋಲು ದ್ವೀಪದ ಆಗ್ನೇಯ ಮೂಲೆಯಲ್ಲಿ ಲಾಲೊಮಾನು ಅಂತ ಹಳ್ಳಿ. ಅಪಿಯಾದಿಂದ ಗುಡ್ಡ ಹತ್ತಿ ಇಳಿದರೆ ಕಾರಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ. ಬಿಳಿ ಮರಳು, ಎದುರಿಗೆ ನೂಉಟೆಲೆ ದ್ವೀಪ, ಹವಳದ ದಿಬ್ಬದೊಳಗೆ ತಿಳಿನೀರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿಗಿಳಿಯುವುದು, ನಡುವೆ ಮಲಗುವುದು. ಇಷ್ಟಕ್ಕೆ ಹೋಗುವುದಾದರೆ ಅದರಷ್ಟು ಒಳ್ಳೇ ಜಾಗ ನಾನು ನೋಡಿಲ್ಲ.

ಅಲ್ಲಿ ಉಳಿಯುವುದು ಫಾಲೆಯಲ್ಲಿ. ಮರದ ಕಂಬಗಳ ಮೇಲೆ ಜಗಲಿ, ಮೇಲೆ ಮಾಡು, ಗೋಡೆಯೇ ಇಲ್ಲ. ತೆಂಗಿನಗರಿ ಹೆಣೆದ ಪರದೆಯನ್ನು ಗಾಳಿ ಬಂದಾಗ ಇಳಿಸಿಕೊಳ್ಳುವುದು, ನೆಲಕ್ಕೆ ಹಾಸಿಗೆ, ಸೊಳ್ಳೆಪರದೆ. ಮಕ್ಕಳಿಗೆ ಸ್ವರ್ಗ. ಆದರೆ ಮಂಡಿನೋವಿರುವ ಅಮ್ಮನಿಗೆ ನೆಲದಿಂದ ಏಳುವುದು ಕಷ್ಟ, ಶೌಚಾಲಯವೂ ಸಾಮಾನ್ಯವಾಗಿ ಹೊರಗೆ. ಕೆಲವರ ಹತ್ತಿರ ಬಾಗಿಲು, ಮಂಚ, ಒಳಗೇ ಬಚ್ಚಲಿರುವ ಕೋಣೆಗಳೂ ಇವೆ. ಬುಕ್ ಮಾಡುವಾಗ ಕೇಳಿಯೇ ಮಾಡಿ. ಬೆಳಗಿನ ತಿಂಡಿ, ರಾತ್ರಿ ಊಟ ಬಾಡಿಗೆಯಲ್ಲೇ ಸೇರಿರುವುದು ರೂಢಿ.

ಕಾರು ತೆಗೆದುಕೊಳ್ಳಿ. 2009ರ ಸೆಪ್ಟೆಂಬರಿನಿಂದ ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು. ತಾತ್ಕಾಲಿಕ ಲೈಸೆನ್ಸ್ ಮಾಡಿಸಬೇಕು, ಬಾಡಿಗೆ ಕಾರಿನವರನ್ನು ಕೇಳಿದರೆ ಹೇಳುತ್ತಾರೆ. ರಸ್ತೆ ಮೇಲೆ ನಾಯಿ, ಹಂದಿ, ಮಕ್ಕಳು ಎಲ್ಲಾ ಇರುತ್ತವೆ. ಕತ್ತಲಾದ ಮೇಲೆ ಓಡಿಸಬೇಡಿ.

ಪುತ್ತೂರು ಕಡೆಯವಳು, ಈಗ ಆಕ್ಲೆಂಡಿನಲ್ಲಿ:
ಊಟದ ವಿಷಯ ನಾನು ಹೇಳ್ತೇನೆ. ಅಮ್ಮ ಹೆದರುವುದು ಬೇಡ ಮಾರಾಯ್ರೆ. ಅಲ್ಲಿ ತೋಟ ನೋಡಿದರೆ ಊರಿಗೇ ಬಂದ ಹಾಗೆ: ತೆಂಗು, ಬಾಳೆ, ಪಪ್ಪಾಯಿ, ಕೆಸು, ಕೊಕ್ಕೊ. ಮನೆಮನೆಗೆ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರ ಉಂಟು. ಅದನ್ನು ಕೆಂಡದಲ್ಲಿ ಸುಟ್ಟು ಕೊಡ್ತಾರೆ, ಉಪ್ಪು ಹಾಕಿಕೊಂಡು ತಿಂದರೆ ಹೊಟ್ಟೆ ತುಂಬ್ತದೆ.

ಪಲುಸಾಮಿ ಅಂತ ಒಂದು ಮಾಡ್ತಾರೆ, ಅದನ್ನು ಬಿಡಲೇಬೇಡಿ. ನಾವಿದ್ದ ಮನೆಯ ಅಜ್ಜ ಮಾಡುವಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ನಮ್ಮ ತುರಿಮಣೆಯಂಥದ್ದರ ಮೇಲೆ ಕೂತು ತೆಂಗಿನಕಾಯಿ ತುರಿದರು. ತುರಿಯನ್ನು ನಾರಿನ ಗೊಂಚಲಿನಲ್ಲಿ ಕಟ್ಟಿ ಹಿಂಡಿದರು, ನೀರು ಸೇರಿಸದೆ, ದಪ್ಪ ಹಾಲು. ಎಳೇ ಕೆಸುವಿನ ಎಲೆ ನಾಲ್ಕೈದು ಒಂದರ ಮೇಲೊಂದು ಅಂಗೈಯಲ್ಲಿ ಇಟ್ಟು, ನಡುವೆ ಗುಳಿ ಮಾಡಿ, ಈರುಳ್ಳಿ ಉಪ್ಪು ಹಾಕಿದ ಆ ಹಾಲನ್ನು ಸುರಿದು, ಒಂದು ಹನಿ ಹೊರಗೆ ಬೀಳದ ಹಾಗೆ ಮಡಚಿದರು. ಹೊರಗಿಂದ ಇನ್ನೊಂದು ಎಲೆ ಸುತ್ತಿ, ಕಾದ ಕಲ್ಲುಗಳ ಮೇಲೆ ಇಟ್ಟು, ಬಾಳೆ ಎಲೆ ಮುಚ್ಚಿ ಬೇಯಿಸುವುದು. ಬಿಡಿಸುವಾಗ ಎಲೆ ಬೆಣ್ಣೆಯಷ್ಟು ಮೆತ್ತಗೆ, ಹೊಗೆಯ ಪರಿಮಳ. ತುರಿಕೆ ಗಿರಿಕೆ ಏನೂ ಇಲ್ಲ, ಅಷ್ಟು ಚೆನ್ನಾಗಿ ಬೆಂದಿರ್ತದೆ.

ಒಂದು ಎಚ್ಚರ. ಕೆಲವರು ಇದಕ್ಕೆ ಡಬ್ಬಿಯ ಗೋಮಾಂಸವೋ ಮೀನೋ ಸೇರಿಸ್ತಾರೆ. ‘ಮಾಂಸ ತಿನ್ನುವುದಿಲ್ಲ’ ಅಂತ ಮಾತ್ರ ಹೇಳಿದರೆ ಸಾಲದು, ಮೀನು, ಕೋಳಿ, ಡಬ್ಬಿ ಮಾಂಸ ಒಂದೊಂದೇ ಹೆಸರಿಸಿ ಬೇಡ ಅನ್ನಿ, ಅದೂ ಹಿಂದಿನ ದಿನವೇ. ಆಮೇಲೆ ನೋಡಿ ಎಷ್ಟು ಮುತುವರ್ಜಿಯಿಂದ ಮಾಡಿ ಹಾಕ್ತಾರೆ ಅಂತ. ತೆಂಗಿನ ಹಾಲು, ಕೊಕ್ಕೊ ಹಾಕಿ ಮಾಡುವ ಅನ್ನದ ಪಾಯಸ ಅಮ್ಮನಿಗೆ ಖಂಡಿತ ಹಿಡಿಸ್ತದೆ. ಖಾರ ಮಾತ್ರ ಸಿಗುವುದಿಲ್ಲ. ಅಂಗಡಿಯ ಸೀಲ್ ಪ್ಯಾಕೆಟಿನ ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಂಡು ಇಳಿದ ತಕ್ಷಣ ಅರೈವಲ್ ಕಾರ್ಡಿನಲ್ಲಿ ಬರೆದು ತೋರಿಸಿ. ಕರಿಬೇವು, ಹಣ್ಣು, ಬೀಜ ಬೇಡವೇ ಬೇಡ. ವಾಪಸ್ ಬರುವಾಗಲೂ ಅಷ್ಟೆ, ಆಕ್ಲೆಂಡಿನಲ್ಲಿ ಹೇಳದೆ ಒಂದು ಹಣ್ಣು ಚೀಲದಲ್ಲಿ ಉಳಿದರೂ 400 ಡಾಲರ್ ದಂಡ.

ಬ್ರಿಸ್ಬೇನ್‌ನಿಂದ:
ಮೇಲಿನವರು ಸವಾಯಿ ದ್ವೀಪವನ್ನು ಪೂರ್ತಿ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಉಪೋಲುವಿನ ಮುಲಿಫನುವಾದಿಂದ ಸವಾಯಿಯ ಸಲೆಲೊಲೊಗಾಕ್ಕೆ ಫೆರಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು, ಕಾರನ್ನೂ ಹಾಕಿಕೊಳ್ಳಬಹುದು, ಜಾಗ ಮೊದಲೇ ಕಾದಿರಿಸಬೇಕು. ಸಲೆಆಉಲಾದಲ್ಲಿ 1905ರಿಂದ 1911ರವರೆಗೆ ಉಕ್ಕಿದ ಮಟವಾನು ಜ್ವಾಲಾಮುಖಿಯ ಲಾವಾ ಹಳ್ಳಿಗಳನ್ನೇ ನುಂಗಿದೆ. ಹಳೇ ಇಗರ್ಜಿಯೊಂದರ ಗೋಡೆ ನಿಂತಿದೆ, ಒಳಗೆ ಕರಿ ಲಾವಾ ಹರಿದು ಹೆಪ್ಪುಗಟ್ಟಿದೆ. ತಾಗಾ ಹಳ್ಳಿಯ ಹತ್ತಿರ ಬಂಡೆಯ ತೂತುಗಳಿಂದ ಸಮುದ್ರದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಊರಿನವರು ಅಲೆ ನೋಡಿ ತೆಂಗಿನಕಾಯಿ ಎಸೆದರೆ ಅದು ಆಕಾಶಕ್ಕೆ ಹಾರುತ್ತದೆ. ನಿಮ್ಮ ಮಕ್ಕಳು ಆ ಜಾಗ ಬಿಟ್ಟು ಏಳುವುದಿಲ್ಲ.

ಆದರೂ ನಿಮ್ಮ ಅಮ್ಮನ ಮಂಡಿ ಲೆಕ್ಕಕ್ಕೆ ತೆಗೆದುಕೊಂಡರೆ, ಐದು ದಿನದಲ್ಲಿ ಎರಡು ಸಲ ಗಂಟು ಕಟ್ಟುವುದು ಬೇಡ ಅನ್ನುವುದನ್ನು ಒಪ್ಪುತ್ತೇನೆ. ಏಳೆಂಟು ದಿನ ಮಾಡಿಕೊಂಡರೆ ಎರಡೂ ನೋಡಿ. ಉಪೋಲುವಿನಲ್ಲೇ ಇರುವುದಾದರೆ ಲೊಟೊಫಾಗಾದ ತೊ ಸುವಾಗೆ ಹೋಗಿ. ಆಳದ ಗುಂಡಿಯೊಳಗೆ ಹಸಿರುನೀಲಿ ಸಮುದ್ರದ ನೀರು, ಇಳಿಯಲು ಕಡಿದಾದ ಉದ್ದ ಮರದ ಏಣಿ. ಅಮ್ಮ ಇಳಿಯುವುದು ಬೇಡ. ಮೇಲೆ ತೋಟದಲ್ಲಿ ನೆರಳಿನ ಫಾಲೆಗಳಿವೆ, ಅಲ್ಲಿಂದ ಸಮುದ್ರ ಕಾಣುತ್ತದೆ, ಅವರು ಅಲ್ಲಿ ಕೂರಲಿ. ಅಲ್ಲಿನ ನಾಣ್ಯ ತಾಲಾ, ಚಿಲ್ಲರೆ ಕೈಯಲ್ಲಿರಲಿ. ಜಲಪಾತ, ಕಡಲತೀರ ಎಲ್ಲಾ ಆಯಾ ಹಳ್ಳಿಯವರದೇ, ಪ್ರವೇಶಕ್ಕೆ ಅವರಿಗೇ ಹಣ ಕೊಡಬೇಕು. ಚೌಕಾಸಿ ಬೇಡ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಲಾಲೊಮಾನು ಅಂತಲೇ ತೀರ್ಮಾನ ಮಾಡಿದೆವು. ನಮ್ಮ ಐದು ದಿನದ ಮಧ್ಯೆ ಭಾನುವಾರ ಬರುತ್ತದೆ. ಅವತ್ತು ಎಲ್ಲಾ ಮುಚ್ಚಿರುತ್ತದೆ ಅಂತ ಕೇಳಿದೆ, ದಿನ ಬದಲಿಸಬೇಕಾ?

ವೆಲಿಂಗ್ಟನ್‌ನಿಂದ:
ಬದಲಿಸಬೇಡಿ, ನೀವು ಕೇಳುತ್ತಿರುವ ಆರಾಮ ಇರುವುದೇ ಅವತ್ತು. ಬೆಳಿಗ್ಗೆ ಊರಿಗೆ ಊರೇ ಬಿಳಿಬಟ್ಟೆ ಉಟ್ಟು ಇಗರ್ಜಿಗೆ ಹೊರಡುತ್ತದೆ. ನೀವೂ ಹೋಗಬಹುದು, ಹೊರಗಿನವರನ್ನು ಆದರದಿಂದಲೇ ಕರೆದು ಕೂರಿಸುತ್ತಾರೆ. ಅಮ್ಮ ಸೀರೆಯಲ್ಲಿ ಬಂದರೆ ಸಾಕು, ನಿಮಗೆ ಮಂಡಿ ಮುಚ್ಚುವ ಲುಂಗಿ, ತೋಳಿರುವ ಅಂಗಿ ಬೇಕು. ಅಲ್ಲಿನ ಸಮೂಹಗಾನ ಒಮ್ಮೆಯಾದರೂ ಕೇಳಬೇಕು: ವಾದ್ಯ ಇದ್ದರೂ ಇಲ್ಲದಿದ್ದರೂ ನಾಲ್ಕು ದನಿ ಒಟ್ಟಿಗೆ ಎದ್ದು ಮಾಡನ್ನು ತುಂಬುತ್ತವೆ. ಆಮೇಲೆ ಮನೆಮಂದಿಯೆಲ್ಲ ಕೂತು ದೊಡ್ಡ ಊಟ, ಊಟವಾದ ಮೇಲೆ ನಿದ್ದೆ. ಪೆಟ್ರೋಲ್, ಬಿಸ್ಕತ್ತು, ನೀರು ಶನಿವಾರವೇ ತಂದಿಟ್ಟುಕೊಳ್ಳಿ. ಭಾನುವಾರ ಈಜುವುದಕ್ಕೆ ಕೆಲವು ಹಳ್ಳಿಗಳಲ್ಲಿ ಒಪ್ಪುವುದಿಲ್ಲ, ಮನೆಯವರನ್ನು ಕೇಳಿ ನೀರಿಗಿಳಿಯಿರಿ.

ಸಂಜೆ ಕತ್ತಲಾಗುವ ಹೊತ್ತಿಗೆ ಅನೇಕ ಹಳ್ಳಿಗಳಲ್ಲಿ ಶಂಖವೋ ಗಂಟೆಯೋ ಕೇಳುತ್ತದೆ. ಅದು ಮನೆಮನೆಯ ಪ್ರಾರ್ಥನೆಯ ಸಮಯ. ಆ ಸ್ವಲ್ಪ ಹೊತ್ತು ಊರೊಳಗೆ ನಡೆದಾಡದೆ ಇದ್ದಲ್ಲೇ ಕೂತಿರಿ. ಯಾರದಾದರೂ ಫಾಲೆಗೆ ಕರೆದರೆ ಚಪ್ಪಲಿ ಹೊರಗೆ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂರಿ, ಕಾಲು ಎದುರಿನವರ ಕಡೆ ಚಾಚಬೇಡಿ. ಅಮ್ಮನಿಗೆ ಮಂಡಿ ಮಡಚಲಾಗದಿದ್ದರೆ ಕಾಲ ಮೇಲೆ ಒಂದು ಚಾಪೆಯೋ ಬಟ್ಟೆಯೋ ಹೊದಿಸಿದರಾಯಿತು.

ಕ್ರೈಸ್ಟ್‌ಚರ್ಚಿನಿಂದ, ನರ್ಸ್:
ತಡವಾಗಿ ನೋಡಿದೆ. ಮೂರು ವಿಷಯ, ಮೊದಲನೆಯದು ಎಲ್ಲಕ್ಕಿಂತ ಮುಖ್ಯ.

ಮಕ್ಕಳಿಗೂ ನಿಮಗೂ ದಡಾರದ ಲಸಿಕೆ, ಅಂದರೆ ಎಂಎಂಆರ್, ಎರಡು ಡೋಸ್ ಆಗಿದೆಯಾ ನೋಡಿಕೊಳ್ಳಿ. 2019ರಲ್ಲಿ ಸಮೋವಾದಲ್ಲಿ ದಡಾರಕ್ಕೆ 83 ಜನ ತೀರಿಕೊಂಡರು, ಬಹುಪಾಲು ಪುಟ್ಟ ಮಕ್ಕಳು. ಅಷ್ಟು ಚಿಕ್ಕ ದೇಶ. ಸೋಂಕು ಅಲ್ಲಿಗೆ ಹೋದದ್ದು ನಮ್ಮ ಆಕ್ಲೆಂಡಿನಿಂದ. ನಾವು ಹಾಯಾಗಿ ರಜೆ ಮುಗಿಸಿ ಬರುತ್ತೇವೆ, ಕಾಯಿಲೆ ಬಿಟ್ಟು ಬಂದರೆ ಅನುಭವಿಸುವವರು ನಿಮಗೆ ಕೈತುತ್ತು ಹಾಕಿದ ಮನೆಯವರು. ಸಂದೇಹವಿದ್ದರೆ ಹೊರಡುವುದಕ್ಕೆ ಕೆಲವು ವಾರ ಮೊದಲೇ ನಿಮ್ಮ ಜಿಪಿ (ಮನೆ ಡಾಕ್ಟರ್) ಹತ್ತಿರ ಹೋಗಿ ಹಾಕಿಸಿಕೊಳ್ಳಿ. ಡೆಂಗ್ಯೂ ಇರುವ ದೇಶ, ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮುಲಾಮು ಬೆಳಿಗ್ಗೆಯಿಂದಲೇ ಹಚ್ಚಿ. ನಲ್ಲಿ ನೀರು ಕುಡಿಯಬೇಡಿ.

ಎರಡನೆಯದು, 2009ರ ಸೆಪ್ಟೆಂಬರ್ 29ರ ಸುನಾಮಿ ಬಡಿದದ್ದು ಇದೇ ಲಾಲೊಮಾನು ಕಡೆಗೆ. ದೇಶದಲ್ಲಿ 140ಕ್ಕೂ ಹೆಚ್ಚು ಜನ ಹೋದರು. ಮನೆಮಂದಿಯನ್ನು ಕಳೆದುಕೊಂಡವರೇ ಅದೇ ಮರಳಿನ ಮೇಲೆ ಮತ್ತೆ ಫಾಲೆ ಕಟ್ಟಿ ನಮ್ಮನ್ನು ಕರೆಯುತ್ತಿದ್ದಾರೆ. ಹೆದರಿಸಲು ಹೇಳುತ್ತಿಲ್ಲ. ಹೋದ ದಿನವೇ ಗುಡ್ಡ ಹತ್ತುವ ದಾರಿ ಎಲ್ಲಿದೆ ಅಂತ ಅಮ್ಮನ ಜೊತೆ ನೋಡಿಟ್ಟುಕೊಳ್ಳಿ. ನೆಲ ಜೋರಾಗಿ ಅಥವಾ ತುಂಬಾ ಹೊತ್ತು ನಡುಗಿದರೆ ಸೈರನ್‌ಗೆ ಕಾಯದೆ ಮೇಲಕ್ಕೆ ಹೋಗಿ. ಹವಳದ ದಿಬ್ಬದಲ್ಲಿ ಬಿರುಕಿರುವ ಕಡೆ ಸೆಳೆತ ಜೋರು, ಮಕ್ಕಳನ್ನು ಬಿಡಬೇಡಿ.

ಮೂರನೆಯದು, ಅಮ್ಮನದು ಭಾರತದ ಪಾಸ್‌ಪೋರ್ಟ್ ಇರಬೇಕಲ್ಲ. ಸಮೋವಾದಲ್ಲಿ ಇಳಿದ ಮೇಲೆ ವಿಸಿಟರ್ ಪರ್ಮಿಟ್ ಕೊಡುತ್ತಾರೆ, ವಾಪಸ್ ಟಿಕೆಟ್ ತೋರಿಸಬೇಕು. ತೊಡಕು ಇರುವುದು ನ್ಯೂಜಿಲೆಂಡಿಗೆ ಮರಳುವಾಗ. ಅವರ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ, ಅಂದರೆ ಹೊರಗೆ ಹೋಗಿ ಮತ್ತೆ ಬರಬಹುದು, ಅಂತ ಇದೆಯಾ, ಟಿಕೆಟ್ ಮಾಡುವ ಮೊದಲು ಇವತ್ತೇ ತೆಗೆದು ನೋಡಿ.